ಬಾಯಿ ‘ನಿನ್ನ ಚಿತ್ತ’ ಅನ್ನುತ್ತದೆ, ಕೈ ಫೋನಿಗೆ ಹೋಗುತ್ತದೆ

ಕೋಡಿಬಾಗದ ಅಮ್ಮ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದೆ. ಈ ಗುಂಪಿನಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯವರೇ ಜಾಸ್ತಿ ಇದ್ದೀರಿ, ಅದಕ್ಕೆ ಧೈರ್ಯ ಮಾಡಿದೆ.

ನನ್ನ ಮಗ ಶಿಪ್ಪಿನಲ್ಲಿದ್ದಾನೆ. ಸರಕು ಹಡಗು, ಎಂಜಿನ್ ರೂಮಿನ ಕೆಲಸ. ಇದು ಎರಡನೇ ಕಾಂಟ್ರ್ಯಾಕ್ಟ್. ಮೊದಲ ಸಲ ಹೋದಾಗ ನನಗೆ ಇಷ್ಟು ಹೆದರಿಕೆ ಇರಲಿಲ್ಲ. 2025ರ ಈ ಜುಲೈ ಮೊದಲ ವಾರ ಕೆಂಪು ಸಮುದ್ರದಲ್ಲಿ ಎರಡು ಹಡಗುಗಳ ಮೇಲೆ ದಾಳಿ ಆಗಿ, ಎರಡೂ ಮುಳುಗಿದವಲ್ಲ, ಅವತ್ತಿನಿಂದ ನಿದ್ದೆ ಹೋಗಿದೆ. ಅವನ ಹಡಗು ಆ ಕಡೆ ಹೋಗುವುದಿಲ್ಲ, ಆಫ್ರಿಕಾ ಸುತ್ತಿ ಹೋಗುತ್ತದೆ ಅಂತ ಅವನೇ ಹೇಳಿದ್ದಾನೆ. ಆದರೂ ಮನಸ್ಸು ಕೇಳುವುದಿಲ್ಲ.

ಫೋನಿನಲ್ಲಿ ಹಡಗು ತೋರಿಸುವ ಆ್ಯಪ್ ಇದೆ. ನೀಲಿ ಸಮುದ್ರದ ಮೇಲೆ ಒಂದು ಪುಟ್ಟ ಹಸಿರು ಬಾಣ. ನನಗೆ ಆ ಬಾಣವೇ ಮಗ. ಅಡುಗೆ ಮಾಡುತ್ತಾ ನೋಡುತ್ತೇನೆ, ಮೀನು ಹೆಚ್ಚುತ್ತಾ ಒದ್ದೆ ಬೆರಳಿನಲ್ಲೇ ನೋಡುತ್ತೇನೆ, ರಾತ್ರಿ ಎರಡು ಗಂಟೆಗೆ ಎದ್ದು ನೋಡುತ್ತೇನೆ. ಈಗ ನಾಲ್ಕು ದಿನದಿಂದ ಅದು ಮಡಗಾಸ್ಕರ್ ಕೆಳಗೆ ಒಂದೇ ಕಡೆ ನಿಂತಿದೆ. ವಾಟ್ಸಾಪಿನಲ್ಲೂ ಒಂದೇ ಟಿಕ್.

ಸಂಜೆ ಏಳೂವರೆಗೆ ಮನೆಯಲ್ಲಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತೇವೆ. ಅತ್ತೆ ಶುರು ಮಾಡುತ್ತಾರೆ, ನಾನು ಉತ್ತರ ಕೊಡುತ್ತೇನೆ. ಒಂದು ತೇರ್ಸಿನಲ್ಲಿ, ಯೇಸು ಕಲಿಸಿದ ಪರಲೋಕ ಮಂತ್ರ ಆರು ಸಲ ಬರುತ್ತದೆ. ಅಂದರೆ ದಿನಾ ಆರು ಸಲ ನಾನು ದೇವರಿಗೆ ‘ನಿನ್ನ ಚಿತ್ತ ನೆರವೇರಲಿ’ ಅನ್ನುತ್ತೇನೆ. ಮೊನ್ನೆ ನೋಡಿಕೊಂಡೆ. ಬಲಗೈಯಲ್ಲಿ ಜಪಸರ ಇದೆ. ಎಡಗೈ ನೈಟಿಯ ಜೇಬಿನಲ್ಲಿ, ಫೋನಿನ ಮೇಲೆ ಇದೆ. ನನಗೆ ಅಲ್ಲೇ ಅಳು ಬಂತು.

ಮಗನನ್ನು ದೇವರಿಗೆ ಒಪ್ಪಿಸಿದ್ದೇನೆ ಅಂತ ಊರಿಗೆಲ್ಲ ಹೇಳಿದ್ದೇನೆ. ನಿಜವಾಗಿ ಒಪ್ಪಿಸಿಲ್ಲ. ನಿಮ್ಮಲ್ಲಿ ಯಾರಾದರೂ ಒಪ್ಪಿಸಿದ್ದೀರಾ? ಹೇಗೆ ಮಾಡಿದಿರಿ? ಉಪದೇಶ ಸಾಕಷ್ಟು ಕೇಳಿದ್ದೇನೆ. ನಿಮಗೆ ಆದದ್ದು ಹೇಳಿ.

ಬೈತಖೋಲ್ ಬೋಟ್

ಅಕ್ಕಾ, ಮೊದಲು ಆ ಬಾಣದ ವಿಷಯ ಹೇಳಿಬಿಡುತ್ತೇನೆ, ಸ್ವಲ್ಪ ಸಮಾಧಾನ ಆಗಬಹುದು. ಹಡಗಿನಲ್ಲಿ ಎಐಎಸ್ ಅಂತ ಒಂದು ಯಂತ್ರ ಇರುತ್ತದೆ. ನಾನು ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಈ ಕಡೆ ಹೋಗುತ್ತಿದ್ದೇನೆ ಅಂತ ಅದು ರೇಡಿಯೋದಲ್ಲಿ ಹೇಳುತ್ತಾ ಇರುತ್ತದೆ. ದಡದ ಸ್ಟೇಷನ್‌ಗೆ ಅದು ಕೇಳುವುದು ಹತ್ತಿರ ಹತ್ತಿರ 40 ನಾಟಿಕಲ್ ಮೈಲಿನವರೆಗೆ. ಅದರಾಚೆ ಸ್ಯಾಟಲೈಟ್ ಹಿಡಿಯಬೇಕು, ಅದಕ್ಕೆ ಆ್ಯಪಿನವರಿಗೆ ದುಡ್ಡು ಕಟ್ಟಬೇಕು. ಪುಕ್ಕಟೆ ಆ್ಯಪಿನಲ್ಲಿ ಕೊನೆಗೆ ಕಂಡ ಜಾಗದಲ್ಲೇ ಬಾಣ ಇರುತ್ತದೆ. ಬಾಣ ನಿಂತಿದೆ, ಹಡಗು ನಿಂತಿಲ್ಲ. ಆಫ್ರಿಕಾದ ತುದಿ ಹತ್ತಿರ ಬಂದಾಗ ಮತ್ತೆ ಹಾರಿಕೊಂಡು ಬಂದು ಕಾಣುತ್ತದೆ.

ಇನ್ನು ನೀವು ಕೇಳಿದ್ದು. ನಮ್ಮ ಬೋಟ್ ಈಗ ದಕ್ಕೆಯಲ್ಲಿದೆ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಮೀನುಗಾರಿಕೆಗೆ ನಿಷೇಧ. ದಿನಾ ಬಲೆ ಹೊಲಿಯುವ ಕೆಲಸ. ಹೊಲಿಯುತ್ತಾ ಕೂತಾಗ ನನಗೆ ಲೂಕನ ಸುವಾರ್ತೆಯ ಐದನೇ ಅಧ್ಯಾಯ ನೆನಪಾಗುತ್ತದೆ. ಪೇತ್ರ ರಾತ್ರಿಯೆಲ್ಲ ಬಲೆ ಹಾಕಿದ್ದಾನೆ, ಒಂದು ಮೀನೂ ಇಲ್ಲ. ದಡಕ್ಕೆ ಬಂದು ಬಲೆ ತೊಳೆಯುತ್ತಿದ್ದಾನೆ. ಮೀನಿನ ಕೆಲಸ ಗೊತ್ತಿಲ್ಲದವರಿಗೆ ಈ ಮಾತಿನ ಭಾರ ಗೊತ್ತಾಗುವುದಿಲ್ಲ. ಬಲೆ ತೊಳೆಯುವುದು ಅಂದರೆ ಇವತ್ತಿಗೆ ಮುಗಿಯಿತು, ಮನೆಗೆ ಹೋಗುವುದು ಅಂತ. ಬೆನ್ನು ನೋವು, ಕಣ್ಣು ಉರಿ, ಕೈಯೆಲ್ಲ ಉಪ್ಪು. ಆಗ ಯೇಸು ಸ್ವಾಮಿ ಬಂದು, ಆಳಕ್ಕೆ ಹೋಗಿ ಬಲೆ ಬಿಡಿ ಅನ್ನುತ್ತಾರೆ. ಅವರು ಬಡಗಿ ಮನೆಯವರು. ಪೇತ್ರನಿಗೆ ಮೀನು ಗೊತ್ತು, ಅವರಿಗೆ ಗೊತ್ತಿಲ್ಲ, ಅಂತಲೇ ಯಾರಿಗಾದರೂ ಅನ್ನಿಸುತ್ತದೆ.

ಪೇತ್ರ ಸುಮ್ನೆ ‘ಆಯ್ತು ಸ್ವಾಮಿ’ ಅನ್ನಲಿಲ್ಲ. ರಾತ್ರಿಯೆಲ್ಲ ದುಡಿದಿದ್ದೇವೆ, ಏನೂ ಸಿಕ್ಕಿಲ್ಲ ಅಂತ ಮೊದಲು ಹೇಳಿದ. ಆಮೇಲೆ, ನೀವು ಹೇಳಿದಿರಿ ಅಂತ ಹಾಕುತ್ತೇನೆ ಅಂದ. ದೋಣಿ ಹೊರಡಿಸಿದ್ದೂ ಅವನೇ, ಬಲೆ ಬಿಟ್ಟದ್ದೂ ಅವನೇ. ಎಲ್ಲಿ ಬಿಡಬೇಕು ಅನ್ನುವುದನ್ನು ಮಾತ್ರ ಬಿಟ್ಟುಕೊಟ್ಟ. ನನಗೆ ತಿಳಿದ ಮಟ್ಟಿಗೆ ಒಪ್ಪಿಸುವುದು ಅಂದರೆ ಇಷ್ಟೇ ಅಕ್ಕಾ. ನಿಮ್ಮ ಹೆದರಿಕೆಯನ್ನು ದೇವರ ಮುಂದೆ ಹೇಳುವುದು ಅಪನಂಬಿಕೆ ಆಗುವುದಿಲ್ಲ.

ಶಿರಸಿ ತೋಟದಿಂದ

ನಾನು ಕ್ರೈಸ್ತನಲ್ಲ. ಆದರೂ ಓದಿ ಸುಮ್ಮನೆ ಹೋಗಲು ಮನಸ್ಸಾಗಲಿಲ್ಲ. ನಮ್ಮಲ್ಲೂ ಶರಣಾಗತಿ ಅನ್ನುತ್ತೇವೆ. ಶ್ರೀವೈಷ್ಣವರಲ್ಲಿ ಇದರ ಬಗ್ಗೆಯೇ ದೊಡ್ಡ ಚರ್ಚೆ ಇದೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ, ಮರಿ ಏನೂ ಮಾಡುವುದಿಲ್ಲ. ಭಕ್ತ ಯಾವುದರ ಹಾಗೆ ಇರಬೇಕು ಅಂತ ವಡಗಲೈ, ತೆಂಗಲೈ ಪಂಗಡಗಳವರು ಬೇರೆ ಬೇರೆ ಹೇಳುತ್ತಾರೆ. ನಿಮ್ಮಲ್ಲೂ ಇಂಥದ್ದು ಇದೆಯಾ?

ಇನ್ನೊಂದು ಪ್ರಶ್ನೆ, ತಪ್ಪು ತಿಳಿಯಬೇಡಿ ಅಕ್ಕ. ನಾವು ಮಾರಿಕಾಂಬೆಗೆ ಹರಕೆ ಹೊರುತ್ತೇವೆ. ನೀವು ಕ್ರೈಸ್ತರೂ ಚಂದಾವರದ ಹಬ್ಬಕ್ಕೆ ಹರಕೆ ಹೊರುವುದನ್ನು ನೋಡಿದ್ದೇನೆ, ನಮ್ಮವರೂ ಅಲ್ಲಿಗೆ ಹೋಗುತ್ತಾರೆ. ಹರಕೆ ಹೊತ್ತರೆ ಒಪ್ಪಿಸಿದ ಹಾಗೆ ಆಗುತ್ತದಾ, ವ್ಯವಹಾರ ಮಾಡಿದ ಹಾಗೆ ಆಗುತ್ತದಾ? ಇದು ನನ್ನ ಪ್ರಶ್ನೆಯೂ ಹೌದು. ತೋಟಕ್ಕೆ ಕೊಳೆರೋಗ ಬಂದಾಗೆಲ್ಲ ನಾನೂ ಹೊರುತ್ತೇನೆ.

ಕೋಡಿಬಾಗದ ಅಮ್ಮ

ಬೈತಖೋಲ್ ತಮ್ಮಾ, ಬಾಣದ ವಿಷಯ ಓದಿ ಅತ್ತೆಗೂ ಓದಿ ಹೇಳಿದೆ. ದೇವರು ಒಳ್ಳೆಯದು ಮಾಡಲಿ.

ಶಿರಸಿಯವರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ. ನಾನೂ ಹರಕೆ ಹೊತ್ತಿದ್ದೇನೆ. ಮಗ ಸುಖವಾಗಿ ಬಂದರೆ ಡಿಸೆಂಬರ್ 3ಕ್ಕೆ ಚಂದಾವರಕ್ಕೆ ಬಂದು ಸಂತ ಫ್ರಾನ್ಸಿಸ್ ಕ್ಸೇವಿಯರರಿಗೆ ದೊಡ್ಡ ಮೇಣದಬತ್ತಿ ಹಚ್ಚುತ್ತೇನೆ ಅಂತ. ನಿಮ್ಮ ಪ್ರಶ್ನೆ ಓದಿದ ಮೇಲೆ ಆ ‘ಬಂದರೆ’ ಅನ್ನುವ ಮಾತು ಕಿವಿಯಲ್ಲೇ ಕೂತಿದೆ. ಬರದಿದ್ದರೆ? ಬತ್ತಿ ಹಚ್ಚುವುದಿಲ್ಲವಾ ನಾನು? ಉತ್ತರ ಗೊತ್ತಿಲ್ಲ. ಅದನ್ನು ಯೋಚನೆ ಮಾಡಲೂ ಆಗುವುದಿಲ್ಲ.

ಹೊನ್ನಾವರದಿಂದ ಒಬ್ಬ

ಹೆಸರು ಹೇಳುವುದಿಲ್ಲ, ನಮ್ಮ ಕೂಟದ ಪದ್ಧತಿ ಅದು. ನಾನು ಕುಡಿತ ಬಿಟ್ಟು ಹನ್ನೊಂದು ವರ್ಷ. ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಈ ಕೂಟ 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದರ ಹನ್ನೆರಡು ಹೆಜ್ಜೆಗಳಲ್ಲಿ ಮೂರನೆಯದು ಇದೇ ವಿಷಯ. ನಮ್ಮ ಇಚ್ಛೆಯನ್ನೂ ಬದುಕನ್ನೂ ದೇವರ ಆರೈಕೆಗೆ ಒಪ್ಪಿಸಲು ತೀರ್ಮಾನ ಮಾಡಿದೆವು ಅಂತ. ಆ ‘ತೀರ್ಮಾನ’ ಅನ್ನುವ ಪದವನ್ನು ನನಗೆ ದಾರಿ ತೋರಿಸಿದವರು ಪೆನ್ಸಿಲಿನಲ್ಲಿ ಗೆರೆ ಹಾಕಿ ತೋರಿಸಿದರು. ಒಪ್ಪಿಸಿ ಮುಗಿಸಿದೆವು ಅಂತ ಬರೆದಿಲ್ಲ ನೋಡು ಅಂದರು.

ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ವೈನ್ ಶಾಪ್ ಇದೆ. ಹೊತ್ತಿಗೆ ಸರಿಯಾಗಿ ಶಟರ್ ಎತ್ತುವ ಸದ್ದು ಕೇಳುತ್ತದೆ. ಹನ್ನೊಂದು ವರ್ಷ ಆದ ಮೇಲೂ ಆ ಸದ್ದಿಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆಗ ನಾನು ಒಂದೇ ಮಾತು ಹೇಳುತ್ತೇನೆ: ಇವತ್ತಿನ ಮಟ್ಟಿಗೆ ನೀನು ನೋಡಿಕೋ. ಹೇಳಿ ರಸ್ತೆ ದಾಟುತ್ತೇನೆ. ದಾಟುವುದು ನನ್ನ ಕಾಲು. ನಾಳೆಯದನ್ನು ಇವತ್ತೇ ಒಪ್ಪಿಸಲು ನೋಡಿದಾಗೆಲ್ಲ ನಾನು ಸೋತಿದ್ದೇನೆ. ಇಡೀ ಜನ್ಮ ಕುಡಿಯುವುದಿಲ್ಲ ಅಂತ ಮೂರು ಸಲ ಆಣೆ ಮಾಡಿದ್ದೆ, ಮೂರೂ ಸಲ ಒಂದು ತಿಂಗಳೂ ನಿಲ್ಲಲಿಲ್ಲ.

ಅಕ್ಕ, ಇಡೀ ಕಾಂಟ್ರ್ಯಾಕ್ಟನ್ನು ಒಂದೇ ದಿನ ಒಪ್ಪಿಸಬೇಡಿ. ಇವತ್ತಿನ ರಾತ್ರಿಯನ್ನು ಒಪ್ಪಿಸಿ ನೋಡಿ.

ಕುಮಟಾ ಟೀಚರ್

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಈ ‘ಒಪ್ಪಿಸು’ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಯಾಕೆ ಅಂತ ಹೇಳುತ್ತೇನೆ. ನನ್ನ ತಂಗಿಗೆ ಗಂಡ ಹೊಡೆಯುತ್ತಿದ್ದ. ಅವಳು ಹೋಗುತ್ತಿದ್ದ ಪ್ರಾರ್ಥನಾ ಕೂಟದ ಹಿರಿಯರು ‘ದೇವರಿಗೆ ಒಪ್ಪಿಸು, ತಾಳಿಕೋ, ನಿನ್ನ ಶಿಲುಬೆ ಅದು’ ಅಂತ ಹೇಳಿ ಹೇಳಿ ನಾಲ್ಕು ವರ್ಷ ಅಲ್ಲೇ ಇರಿಸಿದರು. ಅವಳ ಎಡಗೈ ಇವತ್ತಿಗೂ ಪೂರ್ತಿ ಮೇಲಕ್ಕೆ ಏಳುವುದಿಲ್ಲ. ಬಟ್ಟೆ ಒಣಹಾಕುವಾಗ ಬಲಗೈಯಿಂದ ಎಡಗೈಯನ್ನು ಎತ್ತಿ ಹಗ್ಗದ ಮೇಲೆ ಇಡುತ್ತಾಳೆ. ಅದನ್ನು ನೋಡಿದವಳು ನಾನು.

ಕೊನೆಗೆ ಬೇರೆ ಊರಿನ ಒಬ್ಬ ಫಾದರ್ ಅವಳನ್ನು ಕೂರಿಸಿಕೊಂಡು ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದರು. ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ, ಇಲ್ಲಿಂದ ಹಾರು, ದೂತರು ಹಿಡಿದುಕೊಳ್ಳುತ್ತಾರೆ ಅನ್ನುತ್ತಾನೆ. ಅದಕ್ಕೆ ಕೀರ್ತನೆಯ ವಾಕ್ಯವನ್ನೂ ತೋರಿಸುತ್ತಾನೆ. ಕೇಳಲು ಅದು ದೊಡ್ಡ ವಿಶ್ವಾಸದ ಮಾತಿನ ಹಾಗೇ ಇದೆ, ಅಲ್ವಾ? ಯೇಸು ಹಾರಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದರು. ‘ಮಗಳೇ, ನಿನ್ನನ್ನು ದಿನಾ ಆ ತುದಿಯಿಂದ ಹಾರಿಸುತ್ತಿದ್ದಾರೆ, ನೀನು ಕೆಳಗಿಳಿ’ ಅಂದರು ಫಾದರ್. ಅವತ್ತು ಸಂಜೆಯೇ ನಮ್ಮ ಮನೆಗೆ ಬಂದಳು.

ಆದ್ದರಿಂದ ಯಾರಿಗಾದರೂ ‘ದೇವರಿಗೆ ಒಪ್ಪಿಸು’ ಅಂತ ಹೇಳುವ ಮೊದಲು, ಅವರು ಯಾರ ಕೈಯಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ನೋಡಿ.

ಕಾರವಾರದ ನರ್ಸ್

ಟೀಚರ್ ಮಾತಿಗೆ ನನ್ನದೂ ಸೇರಿಸಿ. ದೇವರೇ ಗುಣ ಮಾಡುತ್ತಾನೆ ಅಂತ ಇನ್ಸುಲಿನ್ ಬಿಟ್ಟು, ಕಾಲು ಕಪ್ಪಾದ ಮೇಲೆ ಬಂದವರನ್ನು ನೋಡಿದ್ದೇನೆ. ಕಥೋಲಿಕ ಬೈಬಲಿನ ಸಿರಾಖ ಗ್ರಂಥದ 38ನೇ ಅಧ್ಯಾಯ ಓದಿ. ಕಾಯಿಲೆ ಬಂದರೆ ಪ್ರಾರ್ಥನೆ ಮಾಡು, ವೈದ್ಯನಿಗೂ ಜಾಗ ಕೊಡು, ಅವನನ್ನೂ ದೇವರೇ ಮಾಡಿದ್ದು ಅಂತ ಇದೆ. ಕೋಡಿಬಾಗದ ಅಕ್ಕಾ, ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು? ಒಮ್ಮೆ ಬಿಪಿ ತೋರಿಸಿಕೊಳ್ಳಿ.

ಹಳಿಯಾಳದ ಸಿದ್ದಿ

ನಾನು ಸಿದ್ದಿ, ಕಥೋಲಿಕ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದು ಗೋವಾದಲ್ಲಿ ಮಾರಿದರು. ಅಲ್ಲಿಂದ ತಪ್ಪಿಸಿಕೊಂಡು ಕಾಡು ಹತ್ತಿ ಬಂದವರ ಮಕ್ಕಳು ನಾವು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಸಿದ್ದಿಗಳು ಇದ್ದೇವೆ.

ಹಾಗಾಗಿ ಪ್ರಾರ್ಥನೆಯಲ್ಲಿ ‘ನಾನು ನಿನ್ನ ದಾಸ, ನನ್ನ ಸ್ವಾತಂತ್ರ್ಯ ತೆಗೆದುಕೋ’ ಅಂತ ಬಂದಾಗ ಸಣ್ಣವನಿದ್ದಾಗ ನನಗೆ ಬಾಯಿ ಬರುತ್ತಿರಲಿಲ್ಲ. ನಮ್ಮ ಮುತ್ತಜ್ಜ ಪ್ರಾಣ ಒತ್ತೆಯಿಟ್ಟು ಕಾಡಿಗೆ ಓಡಿ ಬಂದದ್ದು ಮತ್ತೆ ದಾಸ ಅನ್ನಿಸಿಕೊಳ್ಳುವುದಕ್ಕಾ ಅಂತ ಅಜ್ಜಿಯ ಹತ್ತಿರ ಜಗಳ ಮಾಡಿದ್ದೆ. ಅಜ್ಜಿ ಓದಿದವಳಲ್ಲ. ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದು ನಿಲ್ಲಿಸದೆ ಕೇಳಿದಳು: ‘ನಿನ್ನ ಮುತ್ತಜ್ಜನನ್ನು ಹಡಗಿಗೆ ಹತ್ತಿಸುವಾಗ ಬರುತ್ತೀಯಾ ಅಂತ ಯಾರಾದರೂ ಕೇಳಿದ್ದರಾ?’

ಇಲ್ಲ ಅಂದೆ.

‘ಮರಿಯಮ್ಮನನ್ನು ಕೇಳಿದರು.’

ಅಷ್ಟೇ ಹೇಳಿದ್ದು. ದೊಡ್ಡವನಾದ ಮೇಲೆ ಲೂಕನ ಒಂದನೇ ಅಧ್ಯಾಯ ನಿಧಾನವಾಗಿ ಓದಿದೆ. ದೂತ ಬಂದು, ಯೇಸು ನಿನ್ನ ಹೊಟ್ಟೆಯಲ್ಲಿ ಹುಟ್ಟುತ್ತಾನೆ ಅಂತ ಮರಿಯಮ್ಮನಿಗೆ ಹೇಳಿದ. ಮರಿಯಮ್ಮ ತಕ್ಷಣ ಒಪ್ಪಲಿಲ್ಲ. ಹೆದರಿದರು. ಇದು ಹೇಗೆ ಆಗುತ್ತದೆ ಅಂತ ತಿರುಗಿ ಕೇಳಿದರು. ದೂತ ಉತ್ತರ ಕೊಟ್ಟು ಕಾದ. ಆಮೇಲೆ ಅವರು ‘ನಾನು ಪ್ರಭುವಿನ ದಾಸಿ’ ಅಂದರು. ಮೂಲ ಗ್ರೀಕಿನಲ್ಲಿ ಅಲ್ಲಿರುವ ಪದ ಕೊಂಡುಕೊಂಡ ಗುಲಾಮಳಿಗೆ ಹೇಳುವ ಪದವೇ. ಆದರೆ ಯಾವ ಗುಲಾಮಳನ್ನೂ ಒಡೆಯ ಹೀಗೆ ಕೇಳಿ ಕಾದದ್ದಿಲ್ಲ. ಯೊವಾನ್ನನ ಸುವಾರ್ತೆ 15ರಲ್ಲಿ ಯೇಸು, ಇನ್ನು ನಿಮ್ಮನ್ನು ದಾಸರು ಅನ್ನುವುದಿಲ್ಲ, ಗೆಳೆಯರು ಅನ್ನುತ್ತೇನೆ ಅಂದರು.

ಟೀಚರ್ ತಂಗಿಯವರನ್ನು ಯಾರೂ ಕೇಳಿರಲಿಲ್ಲ. ಅದಕ್ಕೇ ಅದು ಒಪ್ಪಿಸಿದ್ದು ಆಗುವುದಿಲ್ಲ. ಕಿತ್ತುಕೊಂಡದ್ದು ಅದು.

ಶಿರಸಿ ತೋಟದಿಂದ

ಅಜ್ಜಿಯ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನನ್ನ ಕೋತಿಮರಿ, ಬೆಕ್ಕಿನಮರಿ ಪ್ರಶ್ನೆಗೆ ಇದರಲ್ಲೇ ಅರ್ಧ ಉತ್ತರ ಸಿಕ್ಕಿತು. ಮರಿಯನ್ನೂ ಯಾರೂ ಕೇಳುವುದಿಲ್ಲ.

ಅಂಕೋಲಾ ಮನೆ

ನನಗೆ ಒಂದು ವಿಷಯ ಬಗೆಹರಿದಿಲ್ಲ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ನನ್ನ ಗಂಡ ಅವತ್ತು ಬೆಳಿಗ್ಗೆ ಅದೇ ಹೆದ್ದಾರಿಯಲ್ಲಿ, ಕುಸಿಯುವ ಸ್ವಲ್ಪ ಹೊತ್ತು ಮೊದಲು ದಾಟಿದ್ದರು. ಮನೆಗೆ ಬಂದವರೆಲ್ಲ ‘ದೇವರು ಕಾಪಾಡಿದ, ನೀವು ಒಪ್ಪಿಸಿದ್ದಿರಿ, ಅದಕ್ಕೆ’ ಅಂದರು. ನಾನೂ ಹೌದು ಅಂದೆ. ರಾತ್ರಿ ಮಲಗಿದ ಮೇಲೆ ಯೋಚನೆ ಬಂತು. ಮಣ್ಣಿನಡಿ ಹೋದವರು? ಅಲ್ಲಿ ಚಹಾ ಮಾಡಿಕೊಂಡಿದ್ದ ಆ ಕುಟುಂಬ? ಲಾರಿಯವರು? ಅವರ ಮನೆಯವರು ಪ್ರಾರ್ಥನೆ ಮಾಡಿರಲಿಲ್ಲವಾ? ಅವತ್ತಿನಿಂದ ‘ದೇವರು ಕಾಪಾಡಿದ’ ಅಂತ ಜೋರಾಗಿ ಹೇಳಲು ನಾಚಿಕೆ ಆಗುತ್ತದೆ. ಒಪ್ಪಿಸಿದರೆ ಕಾಪಾಡುತ್ತಾನೆ ಅನ್ನುವುದು ನಿಜವಾ?

ಚಂದಾವರದ ಹಿರಿಯ

ಅಂಕೋಲಾದ ಮಗಳೇ, ನಿನ್ನ ನಾಚಿಕೆ ಒಳ್ಳೆಯದು. ಅದನ್ನು ಬಿಡಬೇಡ. ಸಿಲೋವಾಮಿನಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ದರು. ಲೂಕನ 13ನೇ ಅಧ್ಯಾಯದಲ್ಲಿದೆ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳು ಅಂತ ತಿಳಿದಿರಾ, ಹಾಗಲ್ಲ ಅಂತ ಯೇಸು ಸ್ಪಷ್ಟವಾಗಿ ಹೇಳಿದರು. ಗೋಪುರ ಯಾಕೆ ಬಿತ್ತು ಅಂತ ಅವರು ಹೇಳಲಿಲ್ಲ. ನಾನೂ ಹೇಳಲಾರೆ. ಎಪ್ಪತ್ತಮೂರು ವರ್ಷ ಆಯಿತು, ಹೆಂಡತಿಯನ್ನೂ ಒಬ್ಬ ಮಗನನ್ನೂ ಮಣ್ಣು ಮಾಡಿದ್ದೇನೆ. ಇಬ್ಬರಿಗಾಗಿಯೂ ಮೊಣಕಾಲೂರಿ ಬೇಡಿದ್ದೆ. ಒಪ್ಪಿಸಿದವರಿಗೆ ಏನೂ ಆಗುವುದಿಲ್ಲ ಅಂತ ನಮ್ಮ ಧರ್ಮದಲ್ಲಿ ಎಲ್ಲೂ ಬರೆದಿಲ್ಲ. ಹಾಗೆ ಇದ್ದಿದ್ದರೆ ಶಿಲುಬೆ ಇರುತ್ತಿರಲಿಲ್ಲ.

ಕೋಡಿಬಾಗದ ತಾಯಿ, ಈಗ ನಿನಗೆ. ನಮ್ಮ ಇಗರ್ಜಿಯ ಸಂತ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವಾಕ್ಕೆ ಬಂದರು. ಹತ್ತು ವರ್ಷ ಸಮುದ್ರದ ಮೇಲೆಯೇ ತಿರುಗಿದರು ಅನ್ನಬಹುದು. ಕೊನೆಗೆ ಚೀನಾಕ್ಕೆ ಹೋಗಬೇಕು ಅನ್ನುವುದೇ ಅವರ ಒಂದೇ ಆಸೆ. ಚೀನಾದ ದಡಕ್ಕೆ ಹತ್ತಿರದ ಒಂದು ದ್ವೀಪದಲ್ಲಿ, ತಮ್ಮನ್ನು ಕರೆದೊಯ್ಯುವ ದೋಣಿಗೆ ಕಾಯುತ್ತಾ ಜ್ವರ ಬಂದು 1552ರ ಡಿಸೆಂಬರ್ 3ಕ್ಕೆ ತೀರಿಕೊಂಡರು. ದೋಣಿ ಬರಲೇ ಇಲ್ಲ. ನೀನು ಬತ್ತಿ ಹಚ್ಚಲು ಬರುವ ದಿನ ಅದೇ. ನಿನ್ನ ಹೆದರಿಕೆ ಅವರಿಗೆ ಗೊತ್ತಿಲ್ಲ ಅಂತ ತಿಳಿಯಬೇಡ.

ಇನ್ನೊಂದು. ಗೆತ್ಸೆಮನೆ ತೋಟದಲ್ಲಿ ಯೇಸು ಮೊದಲು ‘ಈ ಪಾತ್ರೆ ನನ್ನಿಂದ ಹೋಗಲಿ’ ಅಂತಲೇ ಬೇಡಿಕೊಂಡರು. ಆಮೇಲೆ ನಿನ್ನ ಚಿತ್ತ ಅಂದರು. ಎದ್ದು ಬಂದು ಶಿಷ್ಯರನ್ನು ನೋಡಿದರು, ಮತ್ತೆ ಹೋದರು. ಮತ್ತಾಯನ 26ನೇ ಅಧ್ಯಾಯ ಓದು. ಮೂರನೇ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದರು ಅಂತ ಇದೆ. ದೇವರ ಮಗನಿಗೇ ಒಂದೇ ಸಲಕ್ಕೆ ಮುಗಿಯಲಿಲ್ಲ. ನೀನು ತೇರ್ಸಿನಲ್ಲಿ ಆರು ಸಲ ಹೇಳುವುದು ಸುಳ್ಳಾಗಿ ಹೇಳಿದ ಹಾಗೆ ಅಲ್ಲ. ಕೈ ಫೋನಿಗೆ ಹೋದರೆ ಹೋಗಲಿ. ಮತ್ತೆ ಹೇಳು.

ಕೋಡಿಬಾಗದ ಅಮ್ಮ

ಐದು ದಿನದ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಬರೆದದ್ದನ್ನು ಎರಡೆರಡು ಸಲ ಓದಿದೆ. ಬಿಪಿ ತೋರಿಸಿಕೊಂಡು ಬಂದೆ, ಜಾಸ್ತಿ ಇತ್ತು, ಮಾತ್ರೆ ಕೊಟ್ಟಿದ್ದಾರೆ.

ಹೊನ್ನಾವರದ ತಮ್ಮ ಹೇಳಿದ ಹಾಗೆ ಒಂದು ರಾತ್ರಿ ಮಾತ್ರ ಅಂತ ಶುರು ಮಾಡಿದೆ. ತೇರ್ಸ್ ಮುಗಿದ ಮೇಲೆ ಫೋನನ್ನು ಆಲ್ತಾರಿನ ಮೇಲೆ, ಮಾತೆಯ ಪ್ರತಿಮೆಯ ಕಾಲ ಹತ್ತಿರ ಇಟ್ಟೆ. ಮೊದಲ ರಾತ್ರಿ ಎರಡು ಗಂಟೆಗೆ ಎಚ್ಚರ ಆಯಿತು. ಮಳೆ ಜೋರಾಗಿ ಹೊಡೆಯುತ್ತಿತ್ತು. ಹೋಗಿ ಆಲ್ತಾರಿನ ಮುಂದೆ ನಿಂತೆ. ಸಣ್ಣ ಕೆಂಪು ಬಲ್ಬಿನ ಬೆಳಕು ಫೋನಿನ ಗಾಜಿನ ಮೇಲೆ ಬಿದ್ದಿತ್ತು. ತೆಗೆದುಕೊಂಡು ನೋಡಿದೆ. ಬಾಣ ಅಲ್ಲೇ ಇತ್ತು. ವಾಪಸ್ ಇಟ್ಟು, ಹಿರಿಯರು ಹೇಳಿದ ಹಾಗೆ ಮತ್ತೆ ಹೇಳಿದೆ. ಎರಡನೇ ರಾತ್ರಿಯೂ ಹಾಗೇ ಆಯಿತು. ಮೂರನೇ ರಾತ್ರಿ ಎಚ್ಚರವೇ ಆಗಲಿಲ್ಲ, ಬೆಳಿಗ್ಗೆ ಅತ್ತೆ ಎಬ್ಬಿಸಿದರು. ನಾಲ್ಕನೇ ರಾತ್ರಿ ಮತ್ತೆ ತೆಗೆದೆ. ನಿನ್ನೆ ಮುಟ್ಟಲಿಲ್ಲ.

ಬಾಣ ಇನ್ನೂ ಅಲ್ಲೇ ಇದೆ. ಟಿಕ್ ಒಂದೇ ಇದೆ.

ಹರಕೆಯ ವಿಷಯ. ನಿನ್ನೆ ತೇರ್ಸ್ ಆದ ಮೇಲೆ ಅತ್ತೆ ಒಳಗೆ ಹೋದರು. ನಾನು ಒಬ್ಬಳೇ ಕೂತು ಸಂತರಿಗೆ ಹೇಳಿದೆ, ಡಿಸೆಂಬರ್ 3ಕ್ಕೆ ಚಂದಾವರಕ್ಕೆ ಬಂದು ಬತ್ತಿ ಹಚ್ಚುತ್ತೇನೆ ಅಂತ. ‘ಬಂದರೆ’ ಅನ್ನಲಿಲ್ಲ. ಬಾಯಿ ತುದಿಯವರೆಗೆ ಬಂತು, ನುಂಗಿದೆ. ಗಂಟಲು ಕಟ್ಟಿತು, ಮುಂದೆ ಏನೂ ಹೇಳಲು ಆಗಲಿಲ್ಲ. ಅಲ್ಲಿಗೇ ಬಿಟ್ಟೆ. ನನ್ನ ಮಗ ಬರಲಿ ಅಂತ ಈಗಲೂ ಬೇಡುತ್ತೇನೆ, ದಿನಾ ಬೇಡುತ್ತೇನೆ.

ಬೈತಖೋಲ್ ಬೋಟ್

ಅಕ್ಕಾ, ಆಗಸ್ಟ್ 1ಕ್ಕೆ ನಾವು ಹೊರಡುತ್ತೇವೆ. ಹೊರಡುವ ಮೊದಲು ಬೋಟಿನಲ್ಲಿ ಪ್ರಾರ್ಥನೆ ಇರುತ್ತದೆ. ನಿಮ್ಮ ಮಗನ ಹಡಗಿನ ಹೆಸರು ನನಗೆ ಮೆಸೇಜಿನಲ್ಲಿ ಕಳಿಸಿ, ಅದನ್ನೂ ಸೇರಿಸಿ ಹೇಳುತ್ತೇವೆ.

ಚಂದಾವರದ ಹಿರಿಯ

ತಾಯಿ, ಹಬ್ಬದ ದಿನ ಬೆಳಿಗ್ಗೆ ಬೇಗ ಬಾ. ಅತ್ತೆಯನ್ನೂ ಕರೆದುಕೊಂಡು ಬಾ. ಹೊತ್ತು ಏರಿದ ಮೇಲೆ ಇಗರ್ಜಿಯೊಳಗೆ ಕೂರಲು ಜಾಗ ಸಿಗುವುದಿಲ್ಲ.